ಸ್ಕ್ರೀನ್‌ಶಾಟ್‌ನಲ್ಲಿ ಸಿಗದ ಗೆರೆಗಳು

ನಮಸ್ಕಾರ. ಈಗ ನೀವು ನೋಡುತ್ತಿರುವ ದೃಶ್ಯವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ್ದೇನೆ. ಏಕೆ ಮೊಬೈಲಿನಲ್ಲೇ ಚಿತ್ರೀಕರಿಸಬೇಕಾಯಿತು ಎಂಬುದರಲ್ಲಿಯೇ ಈ ಕಥೆಯ ಮುಖ್ಯ ಸುಳಿವು ಇದೆ. ಮೇಜಿನ ಮೇಲಿರುವುದು ನನ್ನ ಬರವಣಿಗೆ ಮತ್ತು ವಿಡಿಯೊ ಸಂಕಲನದ ಕೆಲಸವನ್ನೆಲ್ಲ ನಾಲ್ಕು ವರ್ಷಗಳಿಂದ ನಿಭಾಯಿಸುತ್ತಿರುವ ಲ್ಯಾಪ್‌ಟಾಪ್. ಅದರಲ್ಲಿ ಕನ್ನಡದ ಒಂದು ವಾಕ್ಯವನ್ನು ಟೈಪ್ ಮಾಡುತ್ತಿದ್ದೇನೆ. ಕರ್ಸರ್ ಇರುವ ಸಾಲಿನಲ್ಲಿ ಬೆರಳಗಲದ ಒಂದು ಅಡ್ಡಪಟ್ಟಿ ಅಲುಗಾಡಿ, ಆಗಲೇ ಅಳಿಸಿದ ಅಕ್ಷರಗಳನ್ನು ಕ್ಷಣಕಾಲ ತೋರಿಸಿ, ಮತ್ತೆ ಸರಿಹೋಗುವುದನ್ನು ಗಮನಿಸಿ. ಹಿಂದಿನ ರಾತ್ರಿ ಅದರ ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್ 6.8ರಿಂದ 6.11ಕ್ಕೆ ಅಪ್‌ಡೇಟ್ ಆಗಿತ್ತು; ಬೆಳಿಗ್ಗೆಯಿಂದ ಈ ಪಟ್ಟಿಗಳು ಶುರುವಾದವು.

ಪರದೆಯ ಕೇಬಲ್ ಸಡಿಲವಾಗಿರಬೇಕೆಂಬ ಭಯವೇ ಮೊದಲು ಬಂದದ್ದು, ಏಕೆಂದರೆ ಪರದೆ ಬದಲಿಸುವ ಖರ್ಚು ಸಣ್ಣದಲ್ಲ. ಅಂಗಡಿಗೆ ಒಯ್ಯುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕಿತ್ತು. ಲಿನಕ್ಸ್ ವಿತರಣೆಗಳು ಹೊಸ ಕರ್ನಲ್ ಬಂದಾಗ ಹಳೆಯದನ್ನು ಕೂಡಲೇ ಅಳಿಸುವುದಿಲ್ಲ. ಯಂತ್ರ ಶುರುವಾಗುವಾಗ ಎಸ್ಕೇಪ್ ಕೀಲಿ ಒತ್ತಿ, ಯಾವ ಕರ್ನಲ್ ಓಡಬೇಕೆಂದು ಆರಿಸಲು ಬಿಡುವ ಗ್ರಬ್ ಮೆನುವನ್ನು ತೆರೆದು, ಅಡ್ವಾನ್ಸ್‌ಡ್ ಆಪ್ಷನ್ಸ್ ಎಂಬ ಸಾಲಿಗೆ ಹೋಗಿ 6.8ನ್ನು ಆರಿಸಿದೆ. ಒಳಗೆ ಬಂದ ಮೇಲೆ ಟರ್ಮಿನಲ್‌ನಲ್ಲಿ ಯುನೇಮ್ ಹೈಫನ್ ಆರ್ ಎಂದು ಬರೆದು, ಓಡುತ್ತಿರುವುದು ನಿಜಕ್ಕೂ ಹಳೆಯ ಕರ್ನಲ್ಲೇ ಎಂದು ಖಚಿತಪಡಿಸಿಕೊಂಡೆ. ಅರ್ಧ ಗಂಟೆ ಟೈಪ್ ಮಾಡಿದರೂ ಒಂದು ಪಟ್ಟಿಯೂ ಬರಲಿಲ್ಲ. ಮತ್ತೆ 6.11ಕ್ಕೆ ಹೋದೆ, ಎರಡು ನಿಮಿಷದೊಳಗೆ ಪಟ್ಟಿಗಳು ಹಾಜರಾದವು. ಕೇಬಲ್ ಸಡಿಲವಾಗಿದ್ದರೆ ಅದಕ್ಕೆ ಕರ್ನಲ್‌ನ ಆವೃತ್ತಿ ಗೊತ್ತಾಗುವುದಿಲ್ಲ. ಅಂಗಡಿಯ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಹಳೆಯ ಕರ್ನಲ್‌ನಲ್ಲೇ ಉಳಿದುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೆಲವು ದಿನ ಉಳಿಯಬಹುದು, ಆದರೆ ಭದ್ರತೆಯ ತಿದ್ದುಪಡಿಗಳು ಹೊಸ ಕರ್ನಲ್‌ಗಳೊಂದಿಗೆ ಬರುತ್ತವೆ. ಹಿಂದೆಯೇ ನಿಂತವನಿಗೆ ಅವು ಸಿಗುವುದಿಲ್ಲ.

ಈಗ ಮೊಬೈಲಿನ ವಿಷಯಕ್ಕೆ ಬರುತ್ತೇನೆ. ಪಟ್ಟಿ ಕಂಡ ಕ್ಷಣದಲ್ಲಿಯೇ ಸ್ಕ್ರೀನ್‌ಶಾಟ್ ತೆಗೆದೆ, ಹತ್ತಾರು ಸಲ ತೆಗೆದೆ. ಪ್ರತಿಯೊಂದರಲ್ಲೂ ಚಿತ್ರ ಸ್ವಚ್ಛವಾಗಿತ್ತು. ಸ್ಕ್ರೀನ್‌ಶಾಟ್ ಎಂದರೆ ಪರದೆಯ ಛಾಯಾಚಿತ್ರವಲ್ಲ, ಅದು ಕಂಪ್ಯೂಟರಿನ ಸ್ಮರಣೆಯಲ್ಲಿ (ಮೆಮೊರಿಯಲ್ಲಿ) ಸಿದ್ಧವಾಗಿರುವ ಚಿತ್ರದ ಪ್ರತಿ. ಆ ಪ್ರತಿಯೇ ಕೆಟ್ಟಿದ್ದರೆ ಚಿತ್ರವನ್ನು ರಚಿಸುವ ಮೆಸಾ ಎಂಬ ತಂತ್ರಾಂಶದ ಮೇಲೋ ಡೆಸ್ಕ್‌ಟಾಪ್‌ನ ಮೇಲೋ ಅನುಮಾನ ಪಡಬೇಕು. ಪ್ರತಿ ಸರಿಯಿದ್ದು ಪರದೆಯ ಮೇಲೆ ಮಾತ್ರ ಕೆಟ್ಟಿದ್ದರೆ, ತೊಂದರೆ ಇರುವುದು ಸ್ಮರಣೆಯಿಂದ ಪರದೆಯ ಪ್ಯಾನೆಲ್‌ವರೆಗಿನ ದಾರಿಯಲ್ಲಿ. ಎಚ್‌ಡಿಎಂಐ ಮೂಲಕ ಹೊರಗಿನ ಮಾನಿಟರ್ ಜೋಡಿಸಿ ನೋಡಿದೆ, ಅದರಲ್ಲೂ ಪಟ್ಟಿ ಇರಲಿಲ್ಲ. ಇನ್ನೊಂದು ಸಂಗತಿಯನ್ನು ನಾನು ತಡವಾಗಿ ಗಮನಿಸಿದೆ: ಪರದೆಯ ತುಂಬ ವಿಡಿಯೊ ಓಡುತ್ತಿರುವಾಗ ಏನೂ ಆಗುವುದಿಲ್ಲ, ಪುಟ ನಿಶ್ಚಲವಾಗಿದ್ದು ಒಂದು ಸಣ್ಣ ಭಾಗ ಮಾತ್ರ ಬದಲಾದಾಗಲೇ ಪಟ್ಟಿ ಏಳುತ್ತದೆ.

ಈ ಲಕ್ಷಣಗಳೆಲ್ಲ ಒಂದೇ ಕಡೆಗೆ ಬೊಟ್ಟು ಮಾಡುತ್ತವೆ, ಅದು ಪ್ಯಾನೆಲ್ ಸೆಲ್ಫ್ ರಿಫ್ರೆಶ್, ಅಂದರೆ ಪಿಎಸ್‌ಆರ್. 60 ಹರ್ಟ್ಸ್‌ನ ಪರದೆಗೆ ಗ್ರಾಫಿಕ್ಸ್ ಘಟಕವು ಸೆಕೆಂಡಿಗೆ 60 ಸಲ ಇಡೀ ಚಿತ್ರವನ್ನು ಕಳಿಸುತ್ತಿರಬೇಕು. ನೀವು ಒಂದು ಪುಟವನ್ನು ಸುಮ್ಮನೆ ಓದುತ್ತಿದ್ದರೂ ಈ ರವಾನೆ ನಿಲ್ಲುವುದಿಲ್ಲ, ಬ್ಯಾಟರಿ ವ್ಯರ್ಥವಾಗಿ ಕರಗುತ್ತಲೇ ಇರುತ್ತದೆ. ಪಿಎಸ್‌ಆರ್ ಇರುವ ಪ್ಯಾನೆಲ್‌ನಲ್ಲಿ ಅದಕ್ಕೇ ಸೇರಿದ ಸಣ್ಣ ಸ್ಮರಣೆ ಇರುತ್ತದೆ. ಚಿತ್ರ ಬದಲಾಗದಿದ್ದಾಗ ಪ್ಯಾನೆಲ್ ತನ್ನಲ್ಲಿರುವ ಪ್ರತಿಯನ್ನೇ ಮತ್ತೆ ಮತ್ತೆ ತೋರಿಸಿಕೊಳ್ಳುತ್ತದೆ, ಗ್ರಾಫಿಕ್ಸ್ ಘಟಕ ವಿಶ್ರಮಿಸಬಹುದು. ಇದರ ಎರಡನೆಯ ಆವೃತ್ತಿ ಇನ್ನೂ ಸೂಕ್ಷ್ಮವಾದದ್ದು: ಬದಲಾದ ಭಾಗವನ್ನು ಮಾತ್ರ ಕಳಿಸುತ್ತದೆ. ಎಲ್ಲಿಂದ ಎಲ್ಲಿಯವರೆಗೆ ಬದಲಾಗಿದೆ ಎಂಬ ಲೆಕ್ಕದಲ್ಲಿ, ಗ್ರಾಫಿಕ್ಸ್ ಘಟಕವನ್ನು ನಡೆಸುವ ಕರ್ನಲ್‌ನೊಳಗಿನ ತಂತ್ರಾಂಶವಾದ ಡ್ರೈವರ್‌ಗೂ ಪ್ಯಾನೆಲ್‌ಗೂ ಸ್ವಲ್ಪ ಹೊಂದಾಣಿಕೆ ತಪ್ಪಿದರೂ ಹಳೆಯ ತುಣುಕು ಹಾಗೆಯೇ ಉಳಿದುಬಿಡುತ್ತದೆ. ನಾನು ಅಳಿಸಿದ ಅಕ್ಷರಗಳು ಮರಳಿ ಕಾಣುತ್ತಿದ್ದುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಹೊಳೆಯಲಿಲ್ಲ.

ವಿವರಣೆ ಎಷ್ಟೇ ಚೆನ್ನಾಗಿದ್ದರೂ ಅದನ್ನು ಪರೀಕ್ಷಿಸಬೇಕು. ನನ್ನ ಯಂತ್ರದ ಗ್ರಾಫಿಕ್ಸ್ ಡ್ರೈವರ್‌ನ ಹೆಸರು ಐ915. ಅದಕ್ಕೆ ಎನೇಬಲ್ ಪಿಎಸ್‌ಆರ್ ಎಂಬ ಆಯ್ಕೆ ಇದೆ: ಮೌಲ್ಯ 0 ಆದರೆ ಪಿಎಸ್‌ಆರ್ ಪೂರ್ತಿ ಬಂದ್, 1 ಆದರೆ ಮೊದಲ ಆವೃತ್ತಿಯವರೆಗೆ ಮಾತ್ರ, 2 ಆದರೆ ಎರಡನೆಯದೂ ಸೇರಿ. ಗ್ರಬ್ ಮೆನುವಿನಲ್ಲಿ ಕರ್ನಲ್‌ನ ಹೆಸರಿನ ಮೇಲೆ ನಿಂತು ಇ ಕೀಲಿ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ಈ ಆಯ್ಕೆಯನ್ನು ಸೇರಿಸಿ, ಕಂಟ್ರೋಲ್ ಮತ್ತು ಎಕ್ಸ್ ಒತ್ತಿದರೆ ಅದು ಆ ಒಂದು ಸಲಕ್ಕೆ ಮಾತ್ರ ಅನ್ವಯವಾಗುತ್ತದೆ. ಪರೀಕ್ಷೆಗೆ ಈ ದಾರಿಯೇ ಒಳ್ಳೆಯದು. ಏನಾದರೂ ತಪ್ಪಿದರೆ ಯಂತ್ರವನ್ನು ಮತ್ತೆ ಶುರುಮಾಡಿದರೆ ಸಾಕು. 0 ಕೊಟ್ಟಾಗ ಪಟ್ಟಿಗಳು ಹೋದವು. 1 ಕೊಟ್ಟಾಗಲೂ ಬರಲಿಲ್ಲ. 2 ಕೊಟ್ಟ ಕೂಡಲೇ ಬಂದವು. ತಪ್ಪು ನಡೆಯುತ್ತಿರುವುದು ಎರಡನೆಯ ಆವೃತ್ತಿಯಲ್ಲಿ ಎಂಬುದು ಆಗ ನನಗೆ ಖಚಿತವಾಯಿತು. ಈಗ 1ನ್ನು ಗ್ರಬ್‌ನ ಸೆಟ್ಟಿಂಗ್ಸ್ ಕಡತದಲ್ಲಿ ಬರೆದು, ಅಪ್‌ಡೇಟ್ ಗ್ರಬ್ ಆಜ್ಞೆ ಕೊಟ್ಟಿದ್ದೇನೆ; ಬ್ಯಾಟರಿಯ ಉಳಿತಾಯದಲ್ಲಿ ಒಂದು ಪಾಲಾದರೂ ಕೈಯಲ್ಲಿ ಉಳಿದಿದೆ.

ಇಂಥ ತೊಂದರೆಗೆ ನೋಮೋಡ್‌ಸೆಟ್ ಎಂಬ ಕರ್ನಲ್ ಆಯ್ಕೆ ಸೇರಿಸಿ ಎಂದು ಹೇಳುವವರು ಬಹಳ. ಅದು ಗ್ರಾಫಿಕ್ಸ್ ಡ್ರೈವರ್ ಪರದೆಯನ್ನು ನಿಭಾಯಿಸುವುದನ್ನೇ ತಡೆಯುತ್ತದೆ. ಕಪ್ಪು ಪರದೆಯಿಂದ ಪಾರಾಗಿ ಒಳಗೆ ಬರಲು ಅದು ನೆರವಾದೀತು, ಆದರೆ ಅದನ್ನು ಕಾಯಂ ಪರಿಹಾರವೆಂದು ನಾನು ಒಪ್ಪುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. 2022ರಲ್ಲಿ 5.19.12 ಕರ್ನಲ್ ಬಂದಾಗ ಕೆಲವು ಲ್ಯಾಪ್‌ಟಾಪ್‌ಗಳ ಪರದೆ ಬಿಳಿಯಾಗಿ ಜೋರಾಗಿ ಮಿನುಗತೊಡಗಿತು. ಪ್ಯಾನೆಲ್‌ಗೆ ವಿದ್ಯುತ್ ಕೊಡುವಾಗ ಮತ್ತು ತೆಗೆಯುವಾಗ ಕಾಯಬೇಕಾದ ಅಂತರಗಳು ತಪ್ಪಾಗಿದ್ದವು, ಅದರಿಂದ ಪ್ಯಾನೆಲ್‌ಗೇ ಹಾನಿಯಾಗಬಹುದೆಂದು ಡ್ರೈವರ್ ಬರೆಯುವವರೇ ಎಚ್ಚರಿಸಿದರು. ಒಂದು ವಾರದೊಳಗೆ 5.19.13 ಹೊರಬಂದು ಆ ಬದಲಾವಣೆಯನ್ನು ಹಿಂತೆಗೆಯಿತು. ನಿಮ್ಮ ಪರದೆ ಹಾಗೆ ಮಿನುಗಿದರೆ ಅದನ್ನು ಚಿತ್ರೀಕರಿಸುತ್ತಾ ಕೂರಬೇಡಿ, ಕೂಡಲೇ ಯಂತ್ರವನ್ನು ಬಂದ್ ಮಾಡಿ ಹಳೆಯ ಕರ್ನಲ್‌ಗೆ ಹೋಗಿ.

ನಾನು ದೂರು ದಾಖಲಿಸಿದ್ದೇನೆ. ಕೆಲಸ ಮಾಡುತ್ತಿದ್ದುದು ಹೊಸ ಕರ್ನಲ್‌ನಿಂದ ಕೆಡಬಾರದು ಎಂಬುದನ್ನು ಲಿನಕ್ಸ್ ಕರ್ನಲ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಕಟ್ಟುನಿಟ್ಟಿನ ನಿಯಮವಾಗಿ ಇಟ್ಟುಕೊಂಡಿದ್ದಾರೆ. ಆದರೆ ಕೆಟ್ಟದ್ದನ್ನು ಯಾರೂ ಹೇಳದಿದ್ದರೆ ಆ ನಿಯಮ ಏನು ಮಾಡೀತು? ನಡುವಿನ ಆವೃತ್ತಿಗಳನ್ನೂ ಹಾಕಿ ನೋಡಿದೆ: 6.9ರಲ್ಲಿ ಸರಿಯಿದೆ, 6.10ರಲ್ಲಿ ಕೆಟ್ಟಿದೆ. ಜರ್ನಲ್‌ಸಿಟಿಎಲ್‌ನಿಂದ ತೆಗೆದ ಕರ್ನಲ್ ದಾಖಲೆ, ಪಿಎಸ್‌ಆರ್‌ನ ಸ್ಥಿತಿ, ಮೂರು ಮೌಲ್ಯಗಳ ಫಲಿತಾಂಶ, ಮೊಬೈಲಿನ ಈ ವಿಡಿಯೊ ಎಲ್ಲವನ್ನೂ ಲಗತ್ತಿಸಿದ್ದೇನೆ. ಯಾವ ಒಂದು ಬದಲಾವಣೆ ಕಾರಣ ಎಂದು ಹುಡುಕಲು ಗಿಟ್ ಬೈಸೆಕ್ಟ್ ಎಂಬ ಸಾಧನ ಇದೆ: ಪ್ರತಿ ಸಲ ಅರ್ಧಕ್ಕೆ ಸೀಳುತ್ತಾ ಹೋಗುವುದರಿಂದ 16,000 ಬದಲಾವಣೆಗಳಿದ್ದರೂ 14 ಸಲ ಕರ್ನಲ್ ಕಟ್ಟಿ ಪರೀಕ್ಷಿಸಿದರೆ ಉತ್ತರ ಸಿಗುತ್ತದೆ. ಮುಂದಿನ ರಜೆಯಲ್ಲಿ ಅದಕ್ಕೆ ಕೂರುತ್ತೇನೆ.

ಅಲ್ಲಿಯವರೆಗೆ ಹೊಸ ಕರ್ನಲ್ ಬಂದಾಗಲೆಲ್ಲ ಗ್ರಬ್‌ನಲ್ಲಿ ಆ ಒಂದು ಸಲಕ್ಕೆ ಆಯ್ಕೆಯನ್ನು ಅಳಿಸಿ, ಅದೇ ಕನ್ನಡ ವಾಕ್ಯವನ್ನು ಟೈಪ್ ಮಾಡಿ ನೋಡುತ್ತೇನೆ. ನಿನ್ನೆಯೂ ಒಂದು ಅಪ್‌ಡೇಟ್ ಬಂತು. ಇದು ಅದರ ದೃಶ್ಯ: ಮೂರನೆಯ ಪದಕ್ಕೆ ಬರುವಷ್ಟರಲ್ಲಿ, ಎಡಗಡೆ ನೋಡಿ, ಪಟ್ಟಿ ಎದ್ದಿದೆ.