ರಿಜಿಸ್ಟ್ರಿಯಲ್ಲಿ ಸೆಟ್ಟಿಂಗ್ ಬರೆಯುವ ಮುಂಚೆ: ಈ ಸೆಟ್ಟಿಂಗ್ ಯಾರದ್ದು?

[ತೆರೆಯ ಮೇಲೆ: ತೂಕ ಮತ್ತು ಬಿಲ್ಲಿನ ಪ್ರೋಗ್ರಾಂ, ಸೆಟ್ಟಿಂಗ್ಸ್ ಪುಟ]

ನಮಸ್ಕಾರ್ರಿ ಎಲ್ಲರಿಗೂ. ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಒಂದು ಒಣದ್ರಾಕ್ಷಿ ಗೋದಾಮು ಇದೆ ಅಂದುಕೊಳ್ಳಿ. ಅಲ್ಲಿ ಕಂಪ್ಯೂಟರ್ ಒಂದೇ. ಬೆಳಿಗ್ಗೆ ಒಬ್ಬರು ಕೂರುತ್ತಾರೆ, ಸಂಜೆ ಇನ್ನೊಬ್ಬರು. ಇಬ್ಬರಿಗೂ ಬೇರೆ ಬೇರೆ ಲಾಗಿನ್. ಬೆಳಗಿನವರಿಗೆ ಅಕ್ಷರ ದೊಡ್ಡದಾಗಿ ಕಾಣಬೇಕು. ಸಂಜೆಯವರಿಗೆ ಬಿಲ್ ಮರಾಠಿಯಲ್ಲಿ ಬೇಕು, ಯಾಕಂದರೆ ಆ ಹೊತ್ತಿಗೆ ಸಾಂಗ್ಲಿ, ತಾಸಗಾಂವ ಕಡೆಗೆ ಹೋಗುವ ಮಾಲು ಜಾಸ್ತಿ. ಆದರೆ ತೂಕದ ಯಂತ್ರ ಇಬ್ಬರಿಗೂ ಒಂದೇ. ಇದನ್ನೆಲ್ಲ ನಮ್ಮ ಪ್ರೋಗ್ರಾಂ ಎಲ್ಲಿ ಬರೆದಿಡಬೇಕು?

ವಿಂಡೋಸ್‌ನಲ್ಲಿ ಇದಕ್ಕೆ ಅಂತಲೇ ರಿಜಿಸ್ಟ್ರಿ ಇದೆ, ಅಂದರೆ ವಿಂಡೋಸ್ ಮತ್ತು ಪ್ರೋಗ್ರಾಂಗಳ ಸೆಟ್ಟಿಂಗ್‌ಗಳನ್ನು ಇಡುವ ಉಗ್ರಾಣ. ಹಿಂದೆ ಸೆಟ್ಟಿಂಗ್‌ಗಳು ಐಎನ್‌ಐ ಅನ್ನುವ ಸಾದಾ ಅಕ್ಷರದ ಫೈಲುಗಳಲ್ಲಿ ಇರುತ್ತಿದ್ದವು. 1995ರಲ್ಲಿ ವಿಂಡೋಸ್ 95 ಬಂದ ಮೇಲೆ ರಿಜಿಸ್ಟ್ರಿಯೇ ಮುಖ್ಯ ಜಾಗವಾಯಿತು.

[ತೆರೆಯ ಮೇಲೆ: ರೆಜ್‌ಎಡಿಟ್, ಎಡಗಡೆಯ ಪಟ್ಟಿ]

ಇದು ರೆಜ್‌ಎಡಿಟ್, ರಿಜಿಸ್ಟ್ರಿಯನ್ನು ನೋಡಿ ತಿದ್ದಲು ವಿಂಡೋಸ್ ಜೊತೆಗೇ ಬರುವ ಪ್ರೋಗ್ರಾಂ. ನೋಡಿ, ಇಲ್ಲಿ ಐದು ಹೆಸರು ಕಾಣುತ್ತಿವೆ. ನಮಗೆ ಬೇಕಾದವು ಎರಡು. ಎಚ್‌ಕೀ ಕರೆಂಟ್ ಯೂಸರ್ ಅನ್ನುವುದು ಈಗ ಲಾಗಿನ್ ಆದವರದ್ದು. ಅದು ಅವರವರ ಫೋಲ್ಡರಿನ ಎನ್‌ಟಿಯೂಸರ್ ಡಾಟ್ ಡ್ಯಾಟ್ ಫೈಲಿನಲ್ಲಿ ಇರುತ್ತದೆ. ಎಚ್‌ಕೀ ಲೋಕಲ್ ಮಷೀನ್ ಅನ್ನುವುದು ಇಡೀ ಕಂಪ್ಯೂಟರಿನದ್ದು. ಅಕ್ಷರದ ಗಾತ್ರ, ಬಿಲ್ಲಿನ ಭಾಷೆ ಮೊದಲನೆಯದಕ್ಕೆ. ತೂಕದ ಯಂತ್ರದ ಪೋರ್ಟ್, ಅಂದರೆ ಯಂತ್ರ ಕಂಪ್ಯೂಟರಿಗೆ ಸೇರುವ ಜಾಗದ ಹೆಸರು, ಎರಡನೆಯದಕ್ಕೆ.

[ತೆರೆಯ ಮೇಲೆ: ಸಿ ಶಾರ್ಪ್ ಕೋಡ್]

ಬರೆಯುವುದು ಸುಲಭ. ಕ್ರಿಯೇಟ್‌ಸಬ್‌ಕೀ ಕರೆದು ಸಾಫ್ಟ್‌ವೇರ್, ಅದರೊಳಗೆ ನಿಮ್ಮ ಸಂಸ್ಥೆಯ ಹೆಸರು, ಅದರೊಳಗೆ ಪ್ರೋಗ್ರಾಂ ಹೆಸರು ಕೊಡಿ. ಕೀ ಅಂದರೆ ರಿಜಿಸ್ಟ್ರಿಯ ಫೋಲ್ಡರಿನಂಥದ್ದು. ಅದು ಇಲ್ಲದಿದ್ದರೆ ಹುಟ್ಟುತ್ತದೆ, ಇದ್ದರೆ ತೆರೆದುಕೊಳ್ಳುತ್ತದೆ. ಆಮೇಲೆ ಸೆಟ್‌ವ್ಯಾಲ್ಯೂ ಕರೆದು ಅದರೊಳಗೆ ವ್ಯಾಲ್ಯೂ ಬರೆಯಿರಿ. ಅಕ್ಷರದ ಗಾತ್ರ ಅಂಕಿಯಾದ್ದರಿಂದ ಡಿವರ್ಡ್ (32 ಬಿಟ್ ಪೂರ್ಣಾಂಕ), ಭಾಷೆಗೆ ಸ್ಟ್ರಿಂಗ್ (ಅಕ್ಷರಗಳ ಸಾಲು). ಕನ್ನಡ ಅಕ್ಷರಗಳೂ ಆರಾಮಾಗಿ ಉಳಿಯುತ್ತವೆ.

ಓದುವಾಗ ಮಾತ್ರ ಹುಷಾರು. ಹೊಸದಾಗಿ ಹಾಕಿದ ಕಂಪ್ಯೂಟರಿನಲ್ಲಿ ಆ ಕೀ ಇನ್ನೂ ಇರುವುದೇ ಇಲ್ಲ. ಆಗ ಕೀ ತೆರೆಯುವ ಓಪನ್‌ಸಬ್‌ಕೀ ನಲ್ ಕೊಡುತ್ತದೆ, ಅಂದರೆ ಏನೂ ಇಲ್ಲ ಅಂತ. ಅದನ್ನು ನೋಡದೆ ಮುಂದಿನ ಸಾಲಿಗೆ ಹೋದರೆ ಪ್ರೋಗ್ರಾಂ ಅಲ್ಲೇ ಬೀಳುತ್ತದೆ. ಕೀ ಇದ್ದರೂ ಒಳಗೆ ವ್ಯಾಲ್ಯೂ ಇಲ್ಲದಿರಬಹುದು. ಅದಕ್ಕೆ ಗೆಟ್‌ವ್ಯಾಲ್ಯೂಗೆ ಎರಡನೇ ಆರ್ಗ್ಯುಮೆಂಟ್ ಆಗಿ ಡೀಫಾಲ್ಟ್ ಕೊಡಿ, ಅಕ್ಷರಕ್ಕೆ 14 ಅಂತಿಟ್ಟುಕೊಳ್ಳಿ. ಇನ್ನೊಂದು ವಿಷಯ. ಯಾರೋ ರೆಜ್‌ಎಡಿಟ್‌ನಲ್ಲಿ ಕೈಯಾಡಿಸಿ ಡಿವರ್ಡ್ ಇದ್ದ ಕಡೆ ಸ್ಟ್ರಿಂಗ್ ಮಾಡಿದ್ದರೆ ನಿಮಗೆ ಸ್ಟ್ರಿಂಗೇ ಬರುತ್ತದೆ. ಬಂದದ್ದು ಇಂಟ್ (ಪೂರ್ಣಾಂಕ) ಹೌದೋ ಅಲ್ಲವೋ, 8ರಿಂದ 40ರ ಒಳಗಿದೆಯೋ ಇಲ್ಲವೋ ನೋಡಿಯೇ ಬಳಸಿ.

ಈಗ ಲೋಕಲ್ ಮಷೀನ್. ಇದನ್ನು ಓದಲು ಸಾಮಾನ್ಯ ಲಾಗಿನ್ ಸಾಕು, ಬರೆಯಲು ಅಡ್ಮಿನ್ ಅನುಮತಿ ಬೇಕು. ತುಂಬಾ ಜನ ಇಲ್ಲಿ ಬೇಸತ್ತು ಇಡೀ ಪ್ರೋಗ್ರಾಂ ಅನ್ನೇ ಅಡ್ಮಿನ್ ಆಗಿ ಓಡಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಲ್ ಹೊಡೆಯುವವರಿಗೆ ಇಡೀ ಕಂಪ್ಯೂಟರಿನ ಬೀಗದ ಕೈ ಯಾಕೆ? ಮೊದಲ ಸಲ ಇನ್‌ಸ್ಟಾಲರ್ ಬರೆಯಲಿ. ಆಮೇಲೆ ಪೋರ್ಟ್ ಬದಲಿಸಲು ಒಂದು ಚಿಕ್ಕ ಪ್ರೋಗ್ರಾಂ ಇರಲಿ. ಅದೊಂದೇ ಅನುಮತಿ ಕೇಳಲಿ, ಮಾಲೀಕರು ಪಾಸ್‌ವರ್ಡ್ ಹಾಕಲಿ.

ಹಳೆಯ 32 ಬಿಟ್ ಪ್ರೋಗ್ರಾಂಗಳಲ್ಲಿ ಒಂದು ವಿಚಿತ್ರ ತೊಂದರೆ ಇದೆ. ಪ್ರೋಗ್ರಾಂಗೆ ಯಾವ ಅನುಮತಿ ಬೇಕು ಅಂತ ವಿಂಡೋಸ್‌ಗೆ ಹೇಳುವ ಮ್ಯಾನಿಫೆಸ್ಟ್ ಇಲ್ಲದಿದ್ದರೆ, ಲೋಕಲ್ ಮಷೀನ್‌ಗೆ ಬರೆದದ್ದನ್ನು ವಿಂಡೋಸ್ ಸದ್ದಿಲ್ಲದೆ ಆ ಬಳಕೆದಾರರಿಗೆ ಮಾತ್ರ ಕಾಣುವ ವರ್ಚುವಲ್‌ಸ್ಟೋರ್ ಅನ್ನುವ ಜಾಗಕ್ಕೆ ತಿರುಗಿಸುತ್ತದೆ. ವಿಂಡೋಸ್ ವಿಸ್ಟಾದಿಂದ ಹೀಗಿದೆ. ಬೆಳಗಿನವರು ಪೋರ್ಟ್ ಬದಲಿಸುತ್ತಾರೆ, ಎಲ್ಲ ಸರಿ ಕಾಣುತ್ತದೆ. ಸಂಜೆಯವರಿಗೆ ಹಳೆಯದೇ ಬರುತ್ತದೆ! ಎರರ್ ಒಂದೂ ಇಲ್ಲ. ಅದೇ ರೀತಿ 64 ಬಿಟ್ ಇನ್‌ಸ್ಟಾಲರ್ ಬರೆದದ್ದನ್ನು 32 ಬಿಟ್ ಪ್ರೋಗ್ರಾಂ ಹುಡುಕಿದರೆ ಸಿಗುವುದಿಲ್ಲ. ಅದು 32 ಬಿಟ್ ಪ್ರೋಗ್ರಾಂಗಳಿಗೆ ಅಂತ ಬೇರೆಯಾಗಿ ಇರುವ ವಾವ್6432ನೋಡ್ ಒಳಗೆ ನೋಡುತ್ತಿರುತ್ತದೆ. ಓಪನ್‌ಬೇಸ್‌ಕೀ ಕರೆದು ರಿಜಿಸ್ಟ್ರಿವ್ಯೂ 64 ಅಂತ ಸ್ಪಷ್ಟವಾಗಿ ಹೇಳಿದರೆ ಸರಿಹೋಗುತ್ತದೆ.

[ತೆರೆಯ ಮೇಲೆ: ಲೋಕಲ್ ಮಷೀನ್, ಹಾರ್ಡ್‌ವೇರ್, ಡಿವೈಸ್‌ಮ್ಯಾಪ್, ಸೀರಿಯಲ್‌ಕಾಮ್]

ನನಗೆ ತುಂಬಾ ಇಷ್ಟವಾದ ಜಾಗ ಇದು. ಈಗ ಕಂಪ್ಯೂಟರಿನಲ್ಲಿ ಇರುವ ಸೀರಿಯಲ್ ಪೋರ್ಟ್‌ಗಳು ಇಲ್ಲಿ ಕಾಣುತ್ತವೆ. ಈ ಹಾರ್ಡ್‌ವೇರ್ ಭಾಗ ಡಿಸ್ಕಿನಲ್ಲಿ ಉಳಿಯುವುದಿಲ್ಲ, ಪ್ರತಿ ಸಲ ವಿಂಡೋಸ್ ಶುರುವಾದಾಗ ಹೊಸದಾಗಿ ಕಟ್ಟುತ್ತದೆ. ಗೋದಾಮಿನಲ್ಲಿ ಕಸ ಹೊಡೆಯುವಾಗ ಯಾರೋ ಯುಎಸ್‌ಬಿ ಕೇಬಲ್ ಕಿತ್ತು ಪಕ್ಕದ ತೂತಿಗೆ ಹಾಕಿದರೆ ಪೋರ್ಟಿನ ಹೆಸರು ಕಾಮ್ 3 ಇದ್ದದ್ದು ಕಾಮ್ 5 ಆಗಬಹುದು. ನಾವು ಬರೆದಿಟ್ಟ ಪೋರ್ಟ್ ಈ ಪಟ್ಟಿಯಲ್ಲಿ ಇದೆಯಾ ಅಂತ ಪ್ರೋಗ್ರಾಂ ಶುರುವಾದಾಗಲೇ ನೋಡಿ. ಇಲ್ಲದಿದ್ದರೆ ಇರುವ ಪೋರ್ಟ್‌ಗಳನ್ನು ತೋರಿಸಿ ಕೇಳಿ. ಲಾರಿ ಬಾಗಿಲಿಗೆ ಬಂದು ನಿಂತಾಗ ತೂಕ ಸೊನ್ನೆ ತೋರಿಸಿದರೆ ಆ ಹುಡುಗರ ಪಾಡು ಏನು, ಅಲ್ವಾ?

ಬಿಲ್ಲುಗಳು, ದರಪಟ್ಟಿ, ಪಾರ್ಟಿಗಳ ಹೆಸರು ಇದಾವುದನ್ನೂ ರಿಜಿಸ್ಟ್ರಿಗೆ ತುಂಬಬೇಡಿ, ಅವು ಡೇಟಾಬೇಸಿಗೆ. 2,048 ಬೈಟ್‌ಗಿಂತ ದೊಡ್ಡದನ್ನು ಫೈಲಿನಲ್ಲಿಡಿ ಅಂತ ಮೈಕ್ರೋಸಾಫ್ಟ್ ಕೂಡ ಹೇಳುತ್ತದೆ. ಪಾಸ್‌ವರ್ಡ್ ಅನ್ನಂತೂ ಬರೀ ಅಕ್ಷರವಾಗಿ ಇಡಲೇಬೇಡಿ.

ಕೋಡ್ ಮುಟ್ಟುವ ಮುಂಚೆ ರೆಜ್‌ಎಡಿಟ್‌ನಲ್ಲಿ ನಿಮ್ಮ ಕೀ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಆಮೇಲೆ ಅಡ್ಮಿನ್ ಅಲ್ಲದ ಎರಡು ಲಾಗಿನ್ ಮಾಡಿ, ಎರಡರಲ್ಲೂ ಓಡಿಸಿ ನೋಡಿ.