ಸುಸ್ತು ಅಂದವರನ್ನೆಲ್ಲ ಸೇರಿಸಿಕೊಂಡರೆ

ಎಲ್ಲರಿಗೂ ನಮಸ್ಕಾರ. ಈ ಕೋಲಾರದಲ್ಲಿ ಯಾವ ಡಾಕ್ಟರ ಮುಂದೆ ಬೇಕಾದರೂ ಒಂದು ಬೆಳಿಗ್ಗೆ ಕೂತು ನೋಡಿ, ಎಷ್ಟೋ ಜನ ಮಾತು ಶುರು ಮಾಡೋದೇ "ಸುಸ್ತು ಸಾರ್" ಅಂತ. ರಕ್ತ ಕಡಿಮೆ ಇರುವ ಬಾಣಂತಿಗೂ ಸುಸ್ತು, ಥೈರಾಯ್ಡ್ ಇರುವವರಿಗೂ ಸುಸ್ತು, ರಾತ್ರಿಯೆಲ್ಲ ಟೊಮೆಟೊ ಲೋಡ್ ಮಾಡಿ ಬಂದ ಹುಡುಗನಿಗೂ ಸುಸ್ತು. ವರ್ಷಗಟ್ಟಲೆ ಬೋರ್‌ವೆಲ್‌ನ ಫ್ಲೋರೈಡ್ ನೀರು ಕುಡಿದು ಕೀಲು ಹಿಡಿದುಕೊಂಡ ಅಜ್ಜನದೂ ಅದೇ ಮಾತು. ಇವರನ್ನೆಲ್ಲ ಒಂದೇ ಪಟ್ಟಿಗೆ ಹಾಕಿ ಒಂದೇ ಚಿಕಿತ್ಸೆ ಕೊಟ್ಟು, ಅರ್ಧ ಜನ ಚೇತರಿಸಿಕೊಂಡರು ಅಂತಿಟ್ಟುಕೊಳ್ಳಿ. ವಾಸಿಯಾಗಿದ್ದು ಯಾವ ಕಾಯಿಲೆ?

ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ತಿಂಗಳುಗಟ್ಟಲೆ ಬಿಡದೆ ಕಾಡುವ ಸುಸ್ತಿನ ಕಾಯಿಲೆ, ಅದರ ಅಧ್ಯಯನಗಳ ದೊಡ್ಡ ತಲೆನೋವು ಇದೇ. ಇದನ್ನು ಹಿಡಿದುಕೊಡುವ ರಕ್ತಪರೀಕ್ಷೆ ಇನ್ನೂ ಇಲ್ಲ. ಹಿಮೋಗ್ಲೋಬಿನ್, ಥೈರಾಯ್ಡಿಗೆ ಟಿಎಸ್ಎಚ್, ಸಕ್ಕರೆ ಎಲ್ಲ ನೋಡೋದು ಬೇರೆ ಕಾಯಿಲೆಗಳನ್ನು ಬದಿಗಿಡೋದಕ್ಕೆ. ಆಮೇಲೆ ಉಳಿಯೋದು ಲಕ್ಷಣಗಳೇ. ಯಾವ ಲಕ್ಷಣ ಇದ್ದರೆ ಈ ಕಾಯಿಲೆ ಅನ್ನಬೇಕು ಅನ್ನೋದಕ್ಕೆ ಬೇರೆ ಬೇರೆ ಮಾನದಂಡಗಳಿವೆ. 1991ರ ಆಕ್ಸ್‌ಫರ್ಡ್ ಮಾನದಂಡಕ್ಕೆ ಆರು ತಿಂಗಳ ತೀವ್ರ ಆಯಾಸವೇ ಮುಖ್ಯ. 1994ರ ಅಮೆರಿಕದ ಮಾನದಂಡ ಆಯಾಸದ ಜೊತೆ ಎಂಟರಲ್ಲಿ ನಾಲ್ಕು ಲಕ್ಷಣ ಇರಲಿ ಅಂದಿತು. ಶ್ರಮದ ನಂತರ ಕುಸಿಯೋದು ಇರಲೇಬೇಕು ಅಂತ ಪಟ್ಟು ಹಿಡಿದದ್ದು 2003ರ ಕೆನಡಾದವರು. ನನ್ನ ಮಟ್ಟಿಗೆ ಅದೇ ಸರಿ.

ಹಾಗಂತ ನಮ್ಮೂರಿನವರನ್ನು "ಶ್ರಮದ ನಂತರ ಕುಸಿತ ಇದೆಯಾ" ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ನಾನು ಕೇಳೋದು, "ಮದುವೆಗೆ ಹೋಗಿ ಬಂದ್ರಲ್ಲ, ಮಾರನೇ ದಿನ ಹೇಗಿದ್ರಿ? ಅದರ ಮಾರನೇ ದಿನ?" ಬರೀ ದಣಿದವರು ನಿದ್ದೆ ಮಾಡಿ ಎದ್ದರೆ ಸರಿಹೋಗುತ್ತಾರೆ. ಈ ಕಾಯಿಲೆಯವರು ಮದುವೆಮನೆಯಲ್ಲಿ ನಗುತ್ತಲೇ ಇರುತ್ತಾರೆ. ಒಂದೆರಡು ದಿನ ಬಿಟ್ಟು ಬೀಳುತ್ತಾರೆ. ಆಮೇಲೆ ತಲೆ ಬಾಚಿಕೊಳ್ಳೋಕೂ ಕೈ ಏಳಲ್ಲ, ಕುಕ್ಕರ್ ಎಷ್ಟು ಕೂಗಿತು ಅನ್ನೋ ಲೆಕ್ಕ ತಪ್ಪುತ್ತೆ.

ಈ ಕಾಯಿಲೆಯ ಚಿಕಿತ್ಸೆಗಳನ್ನು ಹೋಲಿಸಿ ನೋಡಿದ ಬ್ರಿಟನ್ನಿನ ಪೇಸ್ ಅಧ್ಯಯನ 2011ರಲ್ಲಿ ಪ್ರಕಟವಾಯಿತು. 641 ರೋಗಿಗಳು, ಆರಿಸಿದ್ದು ಆಕ್ಸ್‌ಫರ್ಡ್ ಮಾನದಂಡದಿಂದ. ವ್ಯಾಯಾಮವನ್ನು ಹಂತಹಂತವಾಗಿ ಹೆಚ್ಚಿಸಿದರೆ ಲಾಭ ಅಂದರು. ಆದರೆ ದೈಹಿಕ ಸಾಮರ್ಥ್ಯದ ಅಂಕ 65 ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಪ್ರವೇಶ, ಕೊನೆಗೆ 60 ಮುಟ್ಟಿದರೆ ಸಾಮಾನ್ಯ ಮಟ್ಟ! ಬಾಗಿಲಲ್ಲಿ ನಿಂತಾಗಲೇ ಒಂದು ಅಳತೆಯಲ್ಲಿ ಪಾಸಾದವರೂ ಇದ್ದರು. 2021ರಲ್ಲಿ, ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ ಆ ವ್ಯಾಯಾಮದ ಸಲಹೆಯನ್ನು ಮಾರ್ಗಸೂಚಿಯಿಂದ ತೆಗೆಯಿತು.

ಇನ್ನೊಂದು ಮಾತು. ಪಟ್ಟಿ ಎಷ್ಟೇ ಬಿಗಿಯಾಗಿದ್ದರೂ ಆಸ್ಪತ್ರೆಗೆ ಬರಲಾಗದವರು ಅದರಲ್ಲಿ ಇರೋದೇ ಇಲ್ಲ. ಶ್ರೀನಿವಾಸಪುರದ ಕಡೆಯಿಂದ ಒಬ್ಬ ಹೆಣ್ಣುಮಗಳು ಬಸ್ಸಲ್ಲಿ ನನ್ನ ಹತ್ತಿರ ಬಂದಿದ್ದಳು. ರಕ್ತ ಕೊಡೋ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತಳು. ವರದಿಯೆಲ್ಲ ನಾರ್ಮಲ್. ಹದಿನೈದು ದಿನ ಬಿಟ್ಟು ಬಾಮ್ಮ ಅಂದೆ, ಬರಲಿಲ್ಲ. ಫೋನ್ ಮಾಡಿದರೆ ತಮ್ಮ ಎತ್ತಿದ: "ಆವತ್ತು ಬಂದು ಮಲಗಿದ್ದು ಸಾರ್, ಅಕ್ಕ ಇನ್ನೂ ಎದ್ದಿಲ್ಲ." ಮುಂದಿನ ಸಲ ನಾನೇ ಬ್ಯಾಗ್ ಹಿಡಿದು ಅವರ ಮನೆಗೆ ಹೋದೆ.