ಎಷ್ಟು ತಿಂಗಳು?

ಎಲ್ಲರಿಗೂ ನಮಸ್ಕಾರ.

ಈಗ ಸಂಜೆ ಆರೂವರೆ ದಾಟಿದೆ. ರೇಡಿಯೋದಲ್ಲಿ ಇದನ್ನು ಕೇಳುತ್ತಿರುವವರಲ್ಲಿ ಅರ್ಧ ಜನ ಬೆಂಗಳೂರಿನ ಔಟರ್ ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿರಬೇಕು, ಮಾರತ್ತಹಳ್ಳಿ ಬ್ರಿಡ್ಜ್ ಇನ್ನೂ ಬಂದಿಲ್ಲ. ಇನ್ನರ್ಧ ಜನ ಹಾಸನದಲ್ಲೋ ದಾವಣಗೆರೆಯಲ್ಲೋ ರಾತ್ರಿ ಸಾರಿಗೆ ಒಗ್ಗರಣೆ ಹಾಕುತ್ತಿರುವ ಅಮ್ಮಂದಿರು. ನಿಮ್ಮಿಬ್ಬರಿಗೂ ಇರುವ ಭಯ ಒಂದೇ. ಟಿವಿಯಲ್ಲಿ ಸಾವಿರಾರು ಜನರಿಗೆ ಗೇಟ್‌ಪಾಸ್ ಅಂತ ಬಂದ ಕೂಡಲೇ ಅಮ್ಮ ಫೋನ್ ಮಾಡುತ್ತಾರೆ, "ನಿಂಗೇನೂ ಆಗಿಲ್ವಲ್ಲಾ ಮಗಾ?" ಮಗ "ಇಲ್ಲಮ್ಮ, ಅದು ನಮ್ಮ ಕಂಪನಿ ಅಲ್ಲ" ಅನ್ನುತ್ತಾನೆ. ಅದು ಅವನ ಕಂಪನಿಯೇ ಆಗಿರುತ್ತೆ.

ನಾನು ಮೂವತ್ತೊಂದು ವರ್ಷ ಒಂದು ದೊಡ್ಡ ಕಾರ್ಖಾನೆಯ ಪರ್ಸನಲ್ ಡಿಪಾರ್ಟ್‌ಮೆಂಟಿನಲ್ಲಿ ಇದ್ದವನು. ಈಗ ಅದನ್ನು ಎಚ್‌ಆರ್ ಅನ್ನುತ್ತಾರೆ. ಅಂದರೆ, ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ಮೇಜಿನ ಆ ಕಡೆ ಕೂತಿದ್ದವನು. ರಿಟೈರ್ ಆದ ಮೇಲೆ ಮೇಜಿನ ಈ ಕಡೆ ಬಂದಿದ್ದೇನೆ. ಕೆಲಸ ಹೋಗುತ್ತೇನೋ ಅಂತ ಹೆದರಿದ ಹುಡುಗರು, ಹುಡುಗಿಯರು ಮನೆಗೆ ಬರುತ್ತಾರೆ. ಕಾಫಿ ಕೊಟ್ಟು, ಒಂದು ಹಾಳೆ, ಒಂದು ಪೆನ್ನು ಮುಂದಿಡುತ್ತೇನೆ.

ಇವತ್ತು "ಉದ್ಯೋಗದ ಅಭದ್ರತೆಯನ್ನು ಎದುರಿಸುವ ಬಗೆ" ಅಂತ ವಿಷಯ ಕೊಟ್ಟಿದ್ದಾರೆ. ಅಷ್ಟುದ್ದದ ಹೆಸರು ಬೇಡ. ನಾನು ಕೇಳುವುದು ಒಂದೇ ಪ್ರಶ್ನೆ. ನಾಳೆಯಿಂದ ಸಂಬಳ ನಿಂತರೆ ನಿಮ್ಮ ಮನೆ ಎಷ್ಟು ತಿಂಗಳು ನಡೆಯುತ್ತೆ? ಆ ನಂಬರು ನಿಮಗೆ ಗೊತ್ತಾ?

ಹೆಚ್ಚಿನವರಿಗೆ ಗೊತ್ತಿಲ್ಲ. ತಿಂಗಳಿಗೆ ಲಕ್ಷ ದುಡಿಯುವವರಿಗೂ ಗೊತ್ತಿಲ್ಲ. ಕಂಪನಿಯ ಶೇರು ಇವತ್ತು ಎಷ್ಟಿದೆ ಅಂತ ಗೊತ್ತು, ಅಮೆರಿಕದಲ್ಲಿ ಬಡ್ಡಿ ದರ ಏನಾಯ್ತು ಅಂತ ಗೊತ್ತು. ತಮ್ಮ ಮನೆ ಎಷ್ಟು ತಿಂಗಳು ನಡೆಯುತ್ತೆ ಅಂತ ಕೇಳಿದರೆ ಚಾವಣಿ ನೋಡುತ್ತಾರೆ.

2025ರ ಜುಲೈನಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಶೇಕಡಾ 2ರಷ್ಟು, ಅಂದರೆ ಸುಮಾರು 12 ಸಾವಿರ ಜನರನ್ನು ಕಡಿಮೆ ಮಾಡುತ್ತೇನೆ ಅಂತ ಪ್ರಕಟಿಸಿತು. 12 ಸಾವಿರ ಕುಟುಂಬ ಅಂದರೆ ಸಣ್ಣ ಮಾತಲ್ಲ, ಒಂದು ಸಣ್ಣ ಊರೇ ಆಯ್ತು. ಆದರೆ ಲೆಕ್ಕ ನೋಡಿ. ನೂರರಲ್ಲಿ ಇಬ್ಬರು. ನಿದ್ದೆಗೆಟ್ಟವರು ಮಾತ್ರ ನೂರಕ್ಕೆ ನೂರು ಜನ! ಆ ಇಬ್ಬರು ಯಾರು ಅನ್ನುವುದು ನಿಮ್ಮ ಕೈಯಲ್ಲಿ ಇಲ್ಲ. ಮ್ಯಾನೇಜರ್ ಕೈಯಲ್ಲೂ ಇಲ್ಲ, ಅವನ ತಲೆಯ ಮೇಲೂ ಒಂದು ಪಟ್ಟಿ ತೂಗುತ್ತಿರುತ್ತೆ. ನಿಮ್ಮ ಕೈಯಲ್ಲಿ ಇರುವುದು ಆ ನಂಬರು.

ಸರಿ, ಅದನ್ನು ತೆಗೆಯುವುದು ಹೇಗೆ? ಹೋದ ತಿಂಗಳು ಒಬ್ಬ ಹುಡುಗ ಬಂದಿದ್ದ. ಕೈಗೆ ಬರುವ ಸಂಬಳ 90 ಸಾವಿರ. ಬರೆಯಪ್ಪಾ ಅಂದೆ. ಮನೆ ಸಾಲದ ಇಎಂಐ 38 ಸಾವಿರ. ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ 4. ಮಗುವಿನ ಸ್ಕೂಲ್ ಫೀಸನ್ನು ತಿಂಗಳಿಗೆ ಹಂಚಿದರೆ 10. ದಿನಸಿ, ಹಾಲು, ತರಕಾರಿ, ಗ್ಯಾಸ್ 14. ಪೆಟ್ರೋಲ್ 5. ಊರಿಗೆ ಅಪ್ಪ ಅಮ್ಮನಿಗೆ 6. ಇನ್ಶೂರೆನ್ಸ್ 3. ಒಟ್ಟು 80. "ನೋಡಿ ಅಂಕಲ್, ಹತ್ತು ಸಾವಿರ ಉಳಿಯುತ್ತೆ" ಅಂದ. ಹಾಗಾದರೆ ಉಳಿದದ್ದು ಎಲ್ಲಿದೆ ಅಂದೆ. ತಲೆ ಕೆರೆದುಕೊಂಡ. ಫೋನ್ ತೆಗೆದು ಕ್ರೆಡಿಟ್ ಕಾರ್ಡ್ ಬಿಲ್ ನೋಡಿದ. ಹೊರಗಿನ ಊಟ, ಓಟಿಟಿ, ಮನೆ ಬಾಗಿಲಿಗೆ ಬರುವ ಆ ರಟ್ಟಿನ ಡಬ್ಬಿಗಳು, ಎಲ್ಲಾ ಸೇರಿ 12 ಸಾವಿರ. ಅಂದರೆ 92. ದುಡಿಮೆಗಿಂತ ಎರಡು ಸಾವಿರ ಜಾಸ್ತಿ.

ಈಗ ಸಂಬಳ ಇಲ್ಲ ಅಂದುಕೋ ಅಂದೆ. ಆ 12 ಹೋಯ್ತು. ಪೆಟ್ರೋಲಿನಲ್ಲಿ 3 ಹೋಯ್ತು. ಉಳಿದದ್ದು 77 ಸಾವಿರ. ಬ್ಯಾಂಕಿನಲ್ಲಿ, ಎಫ್‌ಡಿಯಲ್ಲಿ ಎಲ್ಲಾ ಸೇರಿ ಮೂರು ಲಕ್ಷದ ಚಿಲ್ಲರೆ ಇತ್ತು. ಭಾಗಿಸಿದರೆ 4. ನಾಲ್ಕು ತಿಂಗಳು. ಪಿಎಫ್ ಲೆಕ್ಕಕ್ಕೆ ಇಲ್ಲ, ಹೆಂಡತಿಯ ಬಳೆ ಲೆಕ್ಕಕ್ಕೆ ಇಲ್ಲ, ಊರಿನ ಸೈಟು ಲೆಕ್ಕಕ್ಕೆ ಇಲ್ಲ. ಸೈಟು ಮಾರಿ ಹಾಲು ತರೋಕೆ ಆಗಲ್ಲ. ನಾಳೆ ಬೆಳಗ್ಗೆ ಕೈಗೆ ಬರುವ ದುಡ್ಡು ಮಾತ್ರ.

ನಾಲ್ಕು ಅಂತ ಬರೆದ ಮೇಲೆ ಆ ಹುಡುಗನ ಮುಖ ಸ್ವಲ್ಪ ಸಡಿಲ ಆಯ್ತು. ನಾಲ್ಕು ಜಾಸ್ತಿಯೇನಲ್ಲ. ಆದರೂ ಅಷ್ಟು ದಿನ ಅವನ ತಲೆಯಲ್ಲಿ ಇದ್ದದ್ದು ನಾಳೆಯೇ ಬೀದಿಗೆ ಬೀಳುತ್ತೇವೆ ಅನ್ನುವ ಚಿತ್ರ. ಈಗ ನಾಲ್ಕನ್ನು ಆರು ಮಾಡುವುದು ಹೇಗೆ ಅಂತ ಯೋಚಿಸೋಕೆ ಶುರು ಮಾಡಿದ.

ಈಗ ನಿಮಗೆ ಒಂದು ಕಥೆ ಹೇಳಬೇಕು. ಇದನ್ನು ನಾನು ಎಲ್ಲಾ ಕಡೆ ಹೇಳುತ್ತೇನೆ, ನಮ್ಮ ಮನೆಯವಳಿಗೆ ಕೇಳಿ ಕೇಳಿ ಬೇಜಾರಾಗಿದೆ.

2001ರ ಸುಮಾರು. ನಮ್ಮ ಕಾರ್ಖಾನೆಗೆ ಆರ್ಡರ್ ಕಡಿಮೆ ಆಗಿತ್ತು. ವಿಆರ್‌ಎಸ್, ಅಂದರೆ ದುಡ್ಡು ತಗೊಂಡು ತಾವಾಗೇ ನಿವೃತ್ತಿ ಆಗುವ ಸ್ಕೀಮು, ಬರುತ್ತಂತೆ ಅಂತ ಸುದ್ದಿ. ಇಂಥ ಸುದ್ದಿ ಮೊದಲು ಕ್ಯಾಂಟೀನಿಗೆ ಗೊತ್ತಾಗುತ್ತೆ, ಎಂಡಿಗೆ ಆಮೇಲೆ. ಒಂದು ಶುಕ್ರವಾರ ಸೆಕೆಂಡ್ ಶಿಫ್ಟ್ ಶುರುವಾಗುವ ಹೊತ್ತಿಗೆ ನಾನೇ ನೋಟಿಸ್ ಬೋರ್ಡಿನ ಗಾಜಿನ ಬೀಗ ತೆಗೆದು ಅದನ್ನು ಅಂಟಿಸಿದೆ. ಮುಗಿಸಿದ ಪ್ರತಿ ವರ್ಷಕ್ಕೆ 35 ದಿನದ ಸಂಬಳ, ರಿಟೈರ್ ಆಗಲು ಉಳಿದಿರುವ ಪ್ರತಿ ವರ್ಷಕ್ಕೆ 25 ದಿನದ್ದು. ಗುಜರಾತ್ ಮಾದರಿ ಅನ್ನುತ್ತಿದ್ದರು. ಅರ್ಜಿ ಹಾಕಲು ಮೂರು ತಿಂಗಳು ಸಮಯ.

ಟೂಲ್ ರೂಮಿನಲ್ಲಿ ಇಬ್ಬರು ಗೆಳೆಯರು. ಒಬ್ಬರು ಟರ್ನರ್, ಒಬ್ಬರು ಫಿಟ್ಟರ್. ಹೆಸರು ಬೇಡ. ಇಬ್ಬರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು, ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ಟರ್ನರ್ ಎಂಥ ಕೆಲಸಗಾರ ಗೊತ್ತಾ? ಲೇತಿನಿಂದ ಇಳಿದ ಶಾಫ್ಟನ್ನು ಬೆರಳಲ್ಲಿ ಸವರಿ, ಒಂದು ಥೌ ಜಾಸ್ತಿ ಇದೆ ಸಾರ್ ಅನ್ನುತ್ತಿದ್ದರು. ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು. ಮೈಕ್ರೋಮೀಟರ್ ಹಿಡಿದು ನೋಡಿದರೆ ಸರಿಯಾಗಿ ಅಷ್ಟೇ ಇರುತ್ತಿತ್ತು.

ಶನಿವಾರ ನಾನು ಆಫೀಸಿನ ಬಾಗಿಲು ತೆಗೆಯುವ ಮೊದಲೇ ಟರ್ನರ್ ಬಾಗಿಲಲ್ಲಿ ನಿಂತಿದ್ದರು. ರಾತ್ರಿಯೆಲ್ಲಾ ನಿದ್ದೆ ಮಾಡಿಲ್ಲ ಅಂತ ಕಣ್ಣೇ ಹೇಳುತ್ತಿತ್ತು. "ಸಾರ್, ಮೊದಲು ಬಂದವರಿಗೆ ಮಾತ್ರ ದುಡ್ಡಂತೆ. ಆಮೇಲೆ ಬರೀ ಕೈಯಲ್ಲಿ ಕಳಿಸ್ತಾರಂತೆ." ಹಾಗೇನೂ ಇರಲಿಲ್ಲ. ಮೂರು ತಿಂಗಳ ಕಡೇ ದಿನ ಬಂದರೂ ಅದೇ ದುಡ್ಡು. ನನಗೆ ಅದು ಗೊತ್ತಿತ್ತು. ಮೇಲಿನವರು ಬೇಗ ಬೇಗ ಅರ್ಜಿ ಬರಲಿ ಅಂದಿದ್ದರು, ನಾನು ಸುಮ್ಮನಿದ್ದೆ. ಟರ್ನರ್ ಪೆನ್ನು ಮೂಡಲಿಲ್ಲ. ನನ್ನ ಪೆನ್ನು ಕೊಟ್ಟೆ.

ಸೋಮವಾರ ಫಿಟ್ಟರ್ ಬಂದರು. ಅರ್ಜಿ ಕೇಳಲಿಲ್ಲ. ಜೇಬಿನಿಂದ ಹಳೇ ಪೇ ಸ್ಲಿಪ್ ತೆಗೆದರು. ಅದರ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದರು. ಬಾಡಿಗೆ, ರೇಷನ್, ಹಾಲು, ಸೀಮೆಎಣ್ಣೆ, ಮಗಳ ಫೀಸು, ಊರಲ್ಲಿ ಅಮ್ಮನಿಗೆ, ಚೀಟಿ. ಕೊನೇ ಸಾಲು ಬೀಡಿ, 45 ರೂಪಾಯಿ. ಅದನ್ನು ಮಾತ್ರ ಹೊಡೆದು ಹಾಕಿದ್ದರು. "ಸಾರ್, ನಮ್ಮ ಮನೆ ಒಂಬತ್ತು ತಿಂಗಳು ನಡೆಯುತ್ತೆ. ನಿಮ್ಮ ಸ್ಕೀಮು ಮೂರು ತಿಂಗಳು ಇದೆ ಅಲ್ವಾ? ಕಡೇ ದಿನ ಬರ್ತೀನಿ."

ಆ ಮೂರು ತಿಂಗಳು ಶಿಫ್ಟ್ ಮುಗಿದ ಮೇಲೆ ಅವರು ಪೀಣ್ಯದ ಸಣ್ಣ ಸಣ್ಣ ವರ್ಕ್‌ಶಾಪುಗಳಿಗೆ ಹೋಗಿ ಬಂದರು. ಯಾರಿಗೆ ಜನ ಬೇಕು, ಎಷ್ಟು ಕೊಡ್ತಾರೆ, ಯಾರು ಸಂಬಳ ಬಾಕಿ ಇಡ್ತಾರೆ, ಎಲ್ಲಾ ಕೇಳಿಕೊಂಡು ಬಂದರು. ಡೈ, ಅಂದರೆ ಲೋಹದ ಅಚ್ಚು, ಮಾಡುವ ಒಂದು ಕಡೆ ಮಾತಾಯ್ತು. ಕಡೇ ದಿನ ಸಂಜೆ ನಾಲ್ಕೂವರೆಗೆ ಬಂದು, ಅವರದೇ ಪೆನ್ನಿನಲ್ಲಿ ಸಹಿ ಹಾಕಿ ಹೋದರು.

ಟರ್ನರ್ ಕೈಗೆ ಐದು ಲಕ್ಷದ ಹತ್ತಿರ ಬಂತು. ಅಷ್ಟು ದುಡ್ಡು ಒಟ್ಟಿಗೆ ಅವರು ನೋಡೇ ಇರಲಿಲ್ಲ. ಮಗಳ ಮದುವೆ ಸ್ವಲ್ಪ ಜೋರಾಗೇ ಆಯ್ತು, ನಾನೂ ಊಟ ಮಾಡಿ ಬಂದೆ. ಉಳಿದದ್ದಕ್ಕೆ ಸಾಲ ಸೇರಿಸಿ ಒಂದು ಸುಮೋ ತೆಗೆದುಕೊಂಡರು, ಬಾಮೈದ ಓಡಿಸುತ್ತಾನೆ ಅಂತ. ಬಾಮೈದ ಆರು ತಿಂಗಳು ಓಡಿಸಿದ, ಆಮೇಲೆ ಎಲ್ಲಿಗೋ ಗುದ್ದಿದ. ಹದಿನಾಲ್ಕು ತಿಂಗಳ ಮೇಲೆ ಒಂದು ದಿನ ನಾನು ಗೇಟಿನಿಂದ ಹೊರಗೆ ಬರುತ್ತಿದ್ದೇನೆ, ಅವರು ಸೆಕ್ಯೂರಿಟಿ ಪಕ್ಕದ ಕಟ್ಟೆಯ ಮೇಲೆ ಕೂತಿದ್ದಾರೆ. ಕ್ಯಾಂಟೀನ್ ಕಂಟ್ರಾಕ್ಟರ್ ಹತ್ತಿರ ಏನಾದರೂ ಕೆಲಸ ಕೊಡಿಸಿ ಸಾರ್ ಅಂದರು. ಶಾಫ್ಟ್ ಸವರಿ ಥೌ ಹೇಳುತ್ತಿದ್ದ ಕೈ ಅದು.

ಇಬ್ಬರಿಗೂ ಒಂದೇ ಸ್ಕೀಮು. ಕೆಲಸದಲ್ಲಿ ಟರ್ನರೇ ಒಂದು ಕೈ ಮೇಲು. ಫಿಟ್ಟರ್ ಹತ್ತಿರ ಒಂದು ನಂಬರಿತ್ತು, ಇವರ ಹತ್ತಿರ ಇರಲಿಲ್ಲ, ಅಷ್ಟೇ.

ಸ್ಟುಡಿಯೋ ಗಾಜಿನ ಆಚೆಯಿಂದ ನಾಲ್ಕು ಬೆರಳು ತೋರಿಸುತ್ತಿದ್ದಾರೆ. ನಾಲ್ಕು ನಿಮಿಷ ಅಂತೆ. ಬರೆದುಕೊಂಡು ಬಂದದ್ದು ಇನ್ನೂ ಎರಡು ಹಾಳೆ ಇದೆ. ಬೇಗ ಹೇಳುತ್ತೇನೆ.

ಈಗಿನ ಕಂಪನಿಗಳಲ್ಲಿ ನೋಟಿಸ್ ಬೋರ್ಡ್ ಇಲ್ಲ. ಬೆಳಗ್ಗೆ ಕ್ಯಾಲೆಂಡರಿನಲ್ಲಿ ಹದಿನೈದು ನಿಮಿಷದ ಒಂದು ಮೀಟಿಂಗ್ ಬಂದು ಕೂತಿರುತ್ತೆ, ಎಚ್‌ಆರ್ ಹೆಸರಿನಲ್ಲಿ. ಸಣ್ಣ ರೂಮು. "ನೀವೇ ರಿಸೈನ್ ಮಾಡಿ, ರಿಲೀವಿಂಗ್ ಲೆಟರ್ ಚೆನ್ನಾಗಿ ಕೊಡ್ತೀವಿ, ಇಲ್ಲಾಂದ್ರೆ ಟರ್ಮಿನೇಟ್ ಅಂತ ಹಾಕಬೇಕಾಗುತ್ತೆ." ಈ ಮಾತನ್ನು ಯಾವ ದನಿಯಲ್ಲಿ ಹೇಳಬೇಕು ಅಂತ ನಮಗೆ ಚೆನ್ನಾಗಿ ಗೊತ್ತು, ಮೂವತ್ತೊಂದು ವರ್ಷ ಹೇಳಿದ್ದೇವೆ. ಆ ರೂಮಿನಲ್ಲಿ ಸಹಿ ಹಾಕಬೇಡಿ. "ಮೇಲ್ ಮಾಡಿ, ಓದಿ ನಾಳೆ ಹೇಳ್ತೀನಿ" ಅನ್ನಿ. ಕಂಪನಿಯೇ ತೆಗೆದರೆ ಕಾನೂನು ಪ್ರಕಾರ ಕೆಲಸಗಾರನಿಗೆ ನೋಟಿಸ್ ಕೊಡಬೇಕು, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕು. ನೀವೇ ರಾಜೀನಾಮೆ ಬರೆದರೆ ಆ ಪರಿಹಾರ ಕೇಳೋದು ಕಷ್ಟ. ಐಟಿಯವರಿಗೆ ಇದೆಲ್ಲಾ ಇಲ್ಲ ಅಂತ ಯಾರೋ ಹೇಳಿರುತ್ತಾರೆ, ನಂಬಬೇಡಿ, ಬನ್ನೇರುಘಟ್ಟ ರಸ್ತೆಯಲ್ಲಿ ಕಾರ್ಮಿಕ ಭವನ ಇದೆ, ಹೋಗಿ ಕೇಳಿ. ನಾಳೆ ಹೇಳ್ತೀನಿ ಅನ್ನುವ ಧೈರ್ಯ ಎಲ್ಲಿಂದ ಬರುತ್ತೆ? ಎಷ್ಟು ತಿಂಗಳು ಅಂತ ಗೊತ್ತಿದ್ದರೆ ಬರುತ್ತೆ. ಪಾಸಿಟಿವ್ ಥಿಂಕಿಂಗ್ ರೀಲ್ಸ್ ನೋಡಿದರೆ ಬರಲ್ಲ.

ಇನ್ಶೂರೆನ್ಸ್. ಕಂಪನಿ ಕೊಟ್ಟ ಆರೋಗ್ಯ ವಿಮೆ ಕಂಪನಿಯ ಜೊತೆಗೇ ಹೋಗುತ್ತೆ. ಕೆಜಿಎಫ್ ನೆನಪು ಮಾಡಿಕೊಳ್ಳಿ. 2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ನಿಂತಾಗ ಬರೀ ಸಂಬಳ ನಿಲ್ಲಲಿಲ್ಲ. ಆಸ್ಪತ್ರೆ ಕಂಪನಿದು, ಮನೆ ಕಂಪನಿದು, ಎಲ್ಲಾ ಒಟ್ಟಿಗೆ ಅಲ್ಲಾಡಿಹೋಯ್ತು. ಇವತ್ತಿಗೂ ಬೆಳಗಿನ ಜಾವ ಅಲ್ಲಿನ ಮಾರಿಕುಪ್ಪಂ ಸ್ಟೇಷನ್ನಿನಿಂದ ರೈಲು ತುಂಬಾ ಜನ ಬೆಂಗಳೂರಿಗೆ ದುಡಿಯೋಕೆ ಬರುತ್ತಾರೆ. ಅದಕ್ಕೇ ಕೆಲಸ ಇರುವಾಗಲೇ ಸ್ವಂತದ್ದೊಂದು ಪಾಲಿಸಿ ಮಾಡಿಸಿ. ಶುಗರು, ಬಿಪಿಯಂಥ ಹಳೇ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು, ಆ ಕಾಯುವುದು ಸಂಬಳ ಬರುವಾಗಲೇ ಮುಗಿದುಹೋಗಲಿ.

ಪಿಎಫ್ ಮುಟ್ಟಬೇಡಿ. 10 ವರ್ಷದ ಸೇವೆ ಆದರೆ ಪೆನ್ಷನ್ ಇದೆ, ಮಧ್ಯದಲ್ಲಿ ಪೆನ್ಷನ್ ದುಡ್ಡನ್ನೂ ಬಾಚಿಕೊಂಡರೆ ಮತ್ತೆ ಒಂದರಿಂದ ಶುರು. ಗ್ರಾಚುಯಿಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ದುಡ್ಡು, 5 ವರ್ಷ ತುಂಬಿದ್ದರೆ ಕೇಳಿ ತೆಗೆದುಕೊಳ್ಳಿ, ಅದೇನು ಅವರ ದಾನ ಅಲ್ಲ. 30 ದಿನದೊಳಗೆ ಕೊಡಬೇಕು.

ಇನ್ನೊಂದು. ಭಯ ತೀರಾ ಜಾಸ್ತಿಯಾಗಿ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬೇಡದ ಯೋಚನೆ ಬರುತ್ತಿದೆ ಅಂದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ರಾತ್ರಿಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಒಂದು, ನಾಲ್ಕು, ನಾಲ್ಕು, ಒಂದು, ಆರು.

ಮನೆಯವರಿಗೆ ಹೇಳದೆ ಮುಚ್ಚಿಟ್ಟುಕೊಂಡು ಓಡಾಡುವವರ ಬಗ್ಗೆಯೂ ಹೇಳಬೇಕಿತ್ತು, ಬೆರಳು ಒಂದಕ್ಕೆ ಇಳಿದಿದೆ. ಇಷ್ಟು ಮಾಡಿ. ಆ ಹಾಳೆಯನ್ನು ಒಬ್ಬರೇ ಕೂತು ಬರೆಯಬೇಡಿ, ಹೆಂಡತಿಯನ್ನೋ ಗಂಡನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಾಲಿನ ಲೆಕ್ಕ ನಿಮಗೆ ಸರಿಯಾಗಿ ಗೊತ್ತಿರಲ್ಲ.

ಅಮ್ಮಂದಿರೇ, ಒಗ್ಗರಣೆ ಸೀದಿರಬೇಕು, ನೋಡಿ. ಇವತ್ತು ರಾತ್ರಿ ಮಗನಿಗೆ ಫೋನ್ ಮಾಡಿದಾಗ ಕೆಲಸ ಇದೆಯಾ ಅಂತ ಕೇಳಬೇಡಿ. ಎಷ್ಟು ತಿಂಗಳಪ್ಪಾ ಅಂತ ಕೇಳಿ. ಏನಮ್ಮಾ ಅದು ಅಂದರೆ, ರೇಡಿಯೋದಲ್ಲಿ ಒಬ್ಬರು ಹೇಳಿದರು ಅನ್ನಿ.

ನಮಸ್ಕಾರ.